ಆರು ವಾರ ಇದ್ದು ಹೋಗುವ ಮಗುವಿಗೂ ಪಾಠ ಸಿಗಲಿ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ, ಅಂದರೆ ಅಪರಾಧದ ಆರೋಪ ಹೊತ್ತ ಮಕ್ಕಳನ್ನು ವಿಚಾರಣೆಯ ಅವಧಿಯಲ್ಲಿ ಇರಿಸುವ ಸರ್ಕಾರಿ ವೀಕ್ಷಣಾಲಯಗಳ ಶಿಕ್ಷಣದ ಬಗ್ಗೆ ಈ ಪತ್ರ. ನಮ್ಮ ಬೇಡಿಕೆ ಒಂದೇ. ಅಲ್ಲಿನ ಪಾಠವನ್ನು ಜೂನ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುವ ಶಾಲೆಯ ಲೆಕ್ಕದಲ್ಲಿ ಯೋಜಿಸುವುದನ್ನು ನಿಲ್ಲಿಸಿ. ಆರು ವಾರ ಇದ್ದು ಹೊರಡುವ ಹುಡುಗನನ್ನು ಮುಂದಿಟ್ಟುಕೊಂಡು ಶಿಕ್ಷಕರನ್ನೂ ಪುಸ್ತಕವನ್ನೂ ಹಣವನ್ನೂ ಹೊಂದಿಸಿ.

2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಜಾಮೀನು ಕೊಡುವುದೇ ನಿಯಮ, ಕೊಡದಿರುವುದು ಅಪವಾದ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಪ್ರಕರಣ ನಡೆಸುವ ಬಾಲ ನ್ಯಾಯ ಮಂಡಳಿ ಅದನ್ನು ಹೆಚ್ಚೆಂದರೆ ಇನ್ನೆರಡು ತಿಂಗಳು ಮುಂದುವರಿಸಬಹುದು. ಹಾಗಾಗಿ ಮಕ್ಕಳು ಬೇಗ ಬಿಡುಗಡೆಯಾಗುವುದು ಒಳ್ಳೆಯದೇ, ಆಗಲೇಬೇಕಾದದ್ದೇ. ಆದರೆ ಯಾರು ಯಾವ ದಿನ ಹೊರಡುತ್ತಾರೆಂದು ಶಿಕ್ಷಕರಿಗೆ ಗೊತ್ತಿರುವುದಿಲ್ಲ. ಬೆಳಿಗ್ಗೆ ಭಿನ್ನರಾಶಿ ಕಲಿಯುತ್ತಿದ್ದವನು ಸಂಜೆ ಮನೆಯಲ್ಲಿರುತ್ತಾನೆ, ಅವನ ಜಾಗಕ್ಕೆ ಅಕ್ಷರವೇ ಬಾರದ ಇನ್ನೊಬ್ಬ ಬಂದಿರುತ್ತಾನೆ. ಪಕ್ಕದ ಚಾಪೆಯಲ್ಲಿ ಪಿಯುಸಿ ವಿದ್ಯಾರ್ಥಿ. ಬೆಂಗಳೂರಿನಂಥ ಊರಲ್ಲಿ ಕನ್ನಡದ ಜೊತೆ ತಮಿಳು, ತೆಲುಗು, ಉರ್ದು, ಹಿಂದಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಇವರೆಲ್ಲರ ಮುಂದೆ ಒಂದೇ ಪಠ್ಯಪುಸ್ತಕದ ಮೊದಲ ಅಧ್ಯಾಯ ತೆರೆದರೆ ಯಾರಿಗೂ ಏನೂ ದಕ್ಕುವುದಿಲ್ಲ.

ಮೊದಲು ಹಣದ ಮಾತು. ವೀಕ್ಷಣಾಲಯದ ವೆಚ್ಚವನ್ನು ಅಂದಾಜು ಮಾಡುವುದು ಒಂದು ದಿನಕ್ಕೆ ಎಷ್ಟು ಮಕ್ಕಳಿರುತ್ತಾರೆ ಎಂಬುದರ ಮೇಲೆ. ಅನ್ನ, ಬಟ್ಟೆ, ಸೋಪಿಗೆ ಆ ಲೆಕ್ಕ ಸರಿ, ಪುಸ್ತಕಕ್ಕೆ ಸರಿಯಲ್ಲ. 40 ಮಕ್ಕಳ ಸಂಸ್ಥೆಯಲ್ಲಿ ಒಬ್ಬೊಬ್ಬರೂ ಸರಾಸರಿ ಎರಡು ತಿಂಗಳು ಇರುತ್ತಾರೆಂದು ಹಿಡಿದರೆ ವರ್ಷಕ್ಕೆ 240 ಮಕ್ಕಳು ಬಂದು ಹೋಗುತ್ತಾರೆ. 40 ಸೆಟ್ ನೋಟ್‌ಬುಕ್ ಮತ್ತು ಅಭ್ಯಾಸ ಪುಸ್ತಕಕ್ಕೆ ಮಂಜೂರಾತಿ ಕೊಟ್ಟರೆ ಅದು ಎರಡೇ ತಿಂಗಳಿಗೆ ಮುಗಿಯುತ್ತದೆ. ಅಭ್ಯಾಸ ಪುಸ್ತಕವನ್ನು ಮಗು ಮನೆಗೆ ಒಯ್ಯಬೇಕು, ಅಲ್ಲಿಂದಲೇ ಮುಂದುವರಿಸಬೇಕು. ಕಿತ್ತುಕೊಂಡು ರಬ್ಬರಿನಿಂದ ಅಳಿಸಿ ಇನ್ನೊಬ್ಬನಿಗೆ ಕೊಡುವಂಥ ವಸ್ತು ಅದಲ್ಲ. ಆದ್ದರಿಂದ ಕಲಿಕಾ ಸಾಮಗ್ರಿಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಇರಲಿ, ಹಿಂದಿನ ವರ್ಷ ದಾಖಲಾದ ಒಟ್ಟು ಮಕ್ಕಳ ಸಂಖ್ಯೆಯೇ ಅದಕ್ಕೆ ಆಧಾರವಾಗಲಿ. ಇಂಥ ಸಂಸ್ಥೆಗಳಿಗೆ ಹಣ ಕೊಡುವ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಕೇಂದ್ರ ಮತ್ತು ರಾಜ್ಯದ ಪಾಲು 60:40. ಕೇಂದ್ರಕ್ಕೆ ಕಳುಹಿಸುವ ವಾರ್ಷಿಕ ಪ್ರಸ್ತಾವನೆಯಲ್ಲೇ ಈ ಬಾಬ್ತು ಸೇರದಿದ್ದರೆ ವರ್ಷದ ನಡುವೆ ಸೇರಿಸುವುದು ಕಷ್ಟ.

ಎರಡನೆಯದು ಶಿಕ್ಷಕರು. ಕೇಂದ್ರದ 2016ರ ಮಾದರಿ ನಿಯಮಗಳಲ್ಲೇ ಶಿಕ್ಷಕರ ಹುದ್ದೆ ಅರೆಕಾಲಿಕ ಅಥವಾ ಸ್ವಯಂಸೇವೆಯದ್ದು. ಬೇರೆ ಕೆಲಸ ಸಿಕ್ಕ ಕೂಡಲೇ ಅವರು ಹೊರಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ, ಆ ಗೌರವಧನದಲ್ಲಿ ಸಂಸಾರ ನಡೆಯುವುದಿಲ್ಲ. ಶಾಲಾ ಶಿಕ್ಷಣ ಇಲಾಖೆಯಿಂದ ಪ್ರತಿ ವೀಕ್ಷಣಾಲಯಕ್ಕೆ ಇಬ್ಬರನ್ನು ನಿಯೋಜಿಸಿ: ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಬಲ್ಲ ಪ್ರಾಥಮಿಕ ಶಿಕ್ಷಕರೊಬ್ಬರು, ಗಣಿತ ಅಥವಾ ವಿಜ್ಞಾನ ಕಲಿಸುವ ಪ್ರೌಢಶಾಲಾ ಶಿಕ್ಷಕರೊಬ್ಬರು. ವೇತನ ಅವರ ಇಲಾಖೆಯಿಂದಲೇ ಹೋಗುವುದರಿಂದ ಹೊಸ ಹುದ್ದೆ ಸೃಷ್ಟಿಸಬೇಕಿಲ್ಲ. ನಿಯೋಜನೆ ಕನಿಷ್ಠ ಮೂರು ವರ್ಷದ್ದಾಗಿರಲಿ. ಇಲ್ಲಿನ ಸೇವೆಯನ್ನು ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ‘ಸಿ’ ವಲಯದ, ಅಂದರೆ ದೂರದ ಹಳ್ಳಿಗಳ, ಸೇವೆಗೆ ಸಮ ಎಂದು ಪರಿಗಣಿಸಿ. ಆಗ ಯಾರೂ ಇದನ್ನು ಶಿಕ್ಷೆಯ ವರ್ಗಾವಣೆ ಎಂದುಕೊಳ್ಳುವುದಿಲ್ಲ, ಮನಸ್ಸಿದ್ದವರು ತಾವಾಗಿ ಬರುತ್ತಾರೆ.

ಇನ್ನು ತರಗತಿ. ಓದು ಮತ್ತು ಲೆಕ್ಕದ ಮಟ್ಟ ನೋಡುವ ಅರ್ಧ ಗಂಟೆಯ ಪರೀಕ್ಷೆಯನ್ನು ಮಗು ಬಂದ ದಿನವೇ ಮಾಡಬಾರದು. ನಿದ್ದೆಗೆಟ್ಟು ಹೆದರಿರುವ ಮಗು, ಕೆಲವೊಮ್ಮೆ ಅಮಲು ಪದಾರ್ಥ ಬಿಟ್ಟ ನಡುಕದಲ್ಲಿರುವ ಮಗು, ಬಲ್ಲದ್ದನ್ನೂ ಬರೆಯಲಾರದು. ನಾಲ್ಕನೇ ದಿನ ಮಾಡಿ. ಫಲಿತಾಂಶ ನೋಡಿ ಮೂರು ಗುಂಪು: ಅಕ್ಷರ ಕಲಿಯಬೇಕಾದವರು, ಓದಲು ಬಂದರೂ ಭಾಗಾಕಾರದಲ್ಲಿ ನಿಂತವರು, ಎಸ್ಸೆಸ್ಸೆಲ್ಸಿ ಅಥವಾ ಅದಕ್ಕೂ ಮೇಲಿನವರು. ಗುಂಪಿನಲ್ಲಿ 15ಕ್ಕಿಂತ ಹೆಚ್ಚು ಮಕ್ಕಳು ಬೇಡ. ಪಾಠವನ್ನು ಹತ್ತು ದಿನದ ಘಟಕಗಳಾಗಿ ಒಡೆಯಿರಿ. ಯಾವ ಘಟಕಕ್ಕೂ ಹಿಂದಿನ ಘಟಕ ಕಡ್ಡಾಯವಾಗದಂತೆ ಜೋಡಿಸಿ. ಘಟಕ ಮುಗಿದಾಗ ಕಲಿತದ್ದರ ಒಂದು ಪುಟದ ದಾಖಲೆ ವೈಯಕ್ತಿಕ ಪಾಲನಾ ಯೋಜನೆಯ ಕಡತಕ್ಕೆ ಸೇರಲಿ. ಬಾಲ ನ್ಯಾಯ ಮಂಡಳಿಯ ಹಾಜರಾತಿ, ವೈದ್ಯಕೀಯ ತಪಾಸಣೆ, ವಕೀಲರ ಭೇಟಿ ಎಲ್ಲವೂ ಪಾಠದ ಹೊತ್ತಿಗೇ ಬಂದು ಬೀಳುತ್ತವೆ. ಮಂಡಳಿ ಕೂರುವ ದಿನಗಳು ಮೊದಲೇ ಗೊತ್ತಿರುವುದರಿಂದ ಆ ದಿನ ಹೊಸ ಪಾಠ ಬೇಡ, ಪುನರಾವರ್ತನೆ ಸಾಕು.

ಖರೀದಿ ಪಟ್ಟಿ ಮಾಡುವವರಿಗೆ ಒಂದು ಮಾತು. ಸ್ಪೈರಲ್ ತಂತಿಯ ಪುಸ್ತಕ ಬೇಡ, ಹೊಲಿಗೆ ಹಾಕಿದ್ದು ತರಿಸಿ. ಬ್ಲೇಡ್ ಇರುವ ಶಾರ್ಪ್‌ನರ್ ಮಕ್ಕಳ ಕೈಗೆ ಬೇಡ, ಶಿಕ್ಷಕರ ಮೇಜಿಗೆ ಬಿಗಿದ ತಿರುಗುವ ಯಂತ್ರವೊಂದು ಸಾಕು. ಕೈವಾರವನ್ನು ಎಣಿಸಿ ಕೊಟ್ಟು ಎಣಿಸಿ ಪಡೆಯಬೇಕು. ಇಂಥ ಸಣ್ಣ ವಿಷಯ ತಪ್ಪಿ ಒಂದು ಗಾಯವಾದರೆ ಮರುದಿನದಿಂದ ಪೆನ್ಸಿಲ್ಲೂ ನಿಷಿದ್ಧವಾಗುತ್ತದೆ, ತರಗತಿಯೇ ನಿಂತುಹೋಗುತ್ತದೆ. ಸಂಜೆ ಮಲಗುವ ಕೋಣೆಗೆ ಬೀಗ ಬಿದ್ದ ಮೇಲೆ ಉದ್ದಕ್ಕೂ ಖಾಲಿ ಹೊತ್ತಿರುತ್ತದೆ. ದೊಡ್ಡಕ್ಷರದ, ತೆಳು ಪುಸ್ತಕಗಳು ಆ ಕೋಣೆಯೊಳಗೆ ಹೋಗಲಿ, ಓದುವಷ್ಟು ಬೆಳಕೂ ಇರಲಿ.

ಇಷ್ಟೆಲ್ಲ ಕಲಿಸಿದರೂ ಮಗು ಶಾಲೆಗೆ ಮರಳದಿರುವುದಕ್ಕೆ ಹೆಚ್ಚಿನ ಸಲ ಕಾಗದವೇ ಕಾರಣ. ವೀಕ್ಷಣಾಲಯದಲ್ಲಿದ್ದ ದಿನಗಳು ಹಳೆಯ ಶಾಲೆಯ ಹಾಜರಿಯಲ್ಲಿ ಗೈರು ಎಂದಾಗುತ್ತವೆ. ಹೆಸರು ತೆಗೆಯುತ್ತಾರೆ, ಎಸ್ಸೆಸ್ಸೆಲ್ಸಿಗೆ ಹಾಜರಾತಿ ಸಾಲದಾಗುತ್ತದೆ. ಇದನ್ನು ಸರಿಪಡಿಸಲು ಅಧೀಕ್ಷಕರು ವೀಕ್ಷಣಾಲಯದ ಲೆಟರ್‌ಹೆಡ್‌ನಲ್ಲಿ ಪತ್ರ ಬರೆದರೆ ವಿಷಯ ಇಡೀ ಶಾಲೆಗೆ ತಿಳಿಯುತ್ತದೆ. ಗುರುತು ಬಹಿರಂಗಪಡಿಸಬಾರದೆಂಬ, ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 74ರ ಉದ್ದೇಶವೇ ಅಲ್ಲಿಗೆ ಮುಗಿಯಿತು. ದಾರಿ ಇದೆ. ಹತ್ತಿರದ ಸರ್ಕಾರಿ ಪ್ರೌಢಶಾಲೆಯ ವಿಸ್ತರಣಾ ತರಗತಿ ಎಂದು ವೀಕ್ಷಣಾಲಯದ ತರಗತಿಯನ್ನು ಘೋಷಿಸಿ. ಹಾಜರಾತಿ ಆ ಶಾಲೆಯ ಹೆಸರಲ್ಲಿ ಸ್ಯಾಟ್ಸ್‌ಗೆ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ ವ್ಯವಸ್ಥೆ) ಏರಲಿ, ಟಿಸಿ ಬೇಕಾದರೆ ಆ ಶಾಲೆಯದ್ದೇ ಸಿಗಲಿ. ಪತ್ರವ್ಯವಹಾರವೆಲ್ಲ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯ ಒಬ್ಬ ನಿಗದಿತ ಅಧಿಕಾರಿಯ ಮೂಲಕ, ಪ್ರಕರಣದ ಒಂದಕ್ಷರವೂ ಇಲ್ಲದೆ ನಡೆಯಲಿ. ಬಂಧನದಲ್ಲಿ ಗಳಿಸಿದ ಪ್ರಮಾಣಪತ್ರದ ಮೇಲೆ ಬಂಧನದ ಸುಳಿವೇ ಇರಬಾರದೆಂದು ವಿಶ್ವಸಂಸ್ಥೆಯ 1990ರ ಹವಾನಾ ನಿಯಮಗಳೂ ಹೇಳುತ್ತವೆ.

ಶಾಲೆ ಬಿಟ್ಟು ವರ್ಷಗಳಾದವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಹೆಚ್ಚು ಹೊಂದುತ್ತದೆ. 14 ತುಂಬಿದವರು ಹತ್ತನೇ ತರಗತಿಗೆ ನೋಂದಾಯಿಸಬಹುದು, ಐದು ವರ್ಷದೊಳಗೆ ಒಂದೊಂದೇ ವಿಷಯ ಮುಗಿಸಬಹುದು, ಒಳಗೆ ಪಾಸಾದದ್ದು ಹೊರಗೂ ಉಳಿಯುತ್ತದೆ. ನೋಂದಣಿ ಶುಲ್ಕವನ್ನು ಇಲಾಖೆಯೇ ಕಟ್ಟಲಿ. ಪರೀಕ್ಷೆಯ ದಿನ ವಾಹನ, ಸಮವಸ್ತ್ರವಿಲ್ಲದ ಇಬ್ಬರು ಸಿಬ್ಬಂದಿ, ಮಧ್ಯಾಹ್ನದ ಊಟ ಇವಕ್ಕೂ ಹಣ ಬರೆದಿಡಿ. ಬೆಂಗಾವಲಿಗೆ ಜನ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಹಾಲ್ ಟಿಕೆಟ್ ಕೈಯಲ್ಲಿದ್ದೂ ಪರೀಕ್ಷೆ ತಪ್ಪುವುದು ಅನ್ಯಾಯ.

ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರ. ಅವರ ಸಂಖ್ಯೆ ಕಡಿಮೆ. ಇಬ್ಬರಿಗಾಗಿ ಶಿಕ್ಷಕಿ ಏಕೆ ಎಂದು ಕೇಳಿದರೆ ಆ ಇಬ್ಬರಿಗೆ ಪಾಠವೇ ಇಲ್ಲ. 6ರಿಂದ 14 ವರ್ಷದವರಿಗೆ ಶಿಕ್ಷಣ ಹಕ್ಕು ಕಾಯ್ದೆ ಇಲ್ಲಿಯೂ ಅನ್ವಯಿಸುತ್ತದೆ ಎಂದು ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 53 ಸ್ಪಷ್ಟಪಡಿಸಿದೆ. ಇಷ್ಟು ಮಕ್ಕಳಿದ್ದರೆ ಮಾತ್ರ ಎಂಬ ಷರತ್ತನ್ನು ಅದು ಹಾಕಿಲ್ಲ.

ತಪ್ಪು ಸಾಬೀತಾದ ಮಕ್ಕಳ ವಿಶೇಷ ಗೃಹ ಮತ್ತು ಘೋರ ಅಪರಾಧದ ಪ್ರಕರಣಗಳ ದೊಡ್ಡ ವಯಸ್ಸಿನವರನ್ನು ಇರಿಸುವ ‘ಪ್ಲೇಸ್ ಆಫ್ ಸೇಫ್ಟಿ’ಯಲ್ಲಿ ವರ್ಷಗಟ್ಟಲೆ ಇರುವವರಿಗೆ ಬೇರೆಯದೇ ಯೋಜನೆ ಬೇಕು. ಅವರಿಗೆ ಐಟಿಐ ಮಟ್ಟದ ವೈರಿಂಗ್ ಅಥವಾ ವಾಹನ ರಿಪೇರಿ ಕೋರ್ಸ್ ಪೂರ್ತಿ ಮಾಡಿಸಬಹುದು, ಪಿಯುಸಿ ಮುಗಿಸಿದವರನ್ನು ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರಿಸಬಹುದು. ವೀಕ್ಷಣಾಲಯದಲ್ಲಿ ಮಾತ್ರ ಮೂರು ತಿಂಗಳ ಕೋರ್ಸ್ ಶುರುಮಾಡಿ ಅರ್ಧಕ್ಕೆ ಬಿಡಿಸಬೇಡಿ.

ಯಶಸ್ಸನ್ನು ಅಳೆಯುವ ಬಗೆಯೂ ಬದಲಾಗಲಿ. ಎಷ್ಟು ಗಂಟೆ ಪಾಠವಾಯಿತು ಎಂಬ ವರದಿಯಿಂದ ಏನೂ ತಿಳಿಯುವುದಿಲ್ಲ. ಬಿಡುಗಡೆಯಾದ ಮೂರು ತಿಂಗಳಿಗೆ ಎಷ್ಟು ಮಕ್ಕಳು ಶಾಲೆಯಲ್ಲೋ ಕೋರ್ಸಿನಲ್ಲೋ ಇದ್ದಾರೆ ಎಂಬುದನ್ನು ಪರಿವೀಕ್ಷಣಾಧಿಕಾರಿಗಳಿಂದ (ಪ್ರೊಬೇಷನ್ ಅಧಿಕಾರಿಗಳು) ತರಿಸಿ, ಹೆಸರಿಲ್ಲದೆ ಜಿಲ್ಲಾವಾರು ಪ್ರಕಟಿಸಿ. ಅದಕ್ಕಾಗಿ ಅವರು ಊರೂರು ತಿರುಗಬೇಕು, ಪ್ರಯಾಣ ಭತ್ಯೆ ಕೊಡಿ.

ಮೇಲಿನ ಬಹುಪಾಲು ಕೆಲಸಕ್ಕೆ ಬೇಕಿರುವುದು ನಿಮ್ಮ ಇಲಾಖೆ ಮತ್ತು ಶಾಲಾ ಶಿಕ್ಷಣ ಇಲಾಖೆಯ ಒಂದು ಜಂಟಿ ಆದೇಶ. ಶಿಕ್ಷಕರ ನಿಯೋಜನೆ, ವಿಸ್ತರಣಾ ತರಗತಿ, ಬಿಇಒ ಕಚೇರಿಯ ನಿಗದಿತ ಅಧಿಕಾರಿ ಈ ಮೂರೂ ಅದರಲ್ಲಿರಲಿ. ಶಾಲೆಗಳು ತೆರೆಯುವ ಮೊದಲೇ ಆದೇಶ ಹೊರಟರೆ ಈ ಸಾಲಿನಲ್ಲೇ ಜಾರಿಗೆ ತರಬಹುದು. ಕರಡು ಸಿದ್ಧಪಡಿಸುವ ಕೆಲಸಕ್ಕೆ ಕರೆದರೆ ನಾವು ಬರುತ್ತೇವೆ.

ಇಂತಿ ವಿಶ್ವಾಸದೊಂದಿಗೆ,
ವೀಕ್ಷಣಾಲಯಗಳಲ್ಲಿ ಕಲಿಸುವ ಶಿಕ್ಷಕರು ಮತ್ತು ಆಪ್ತ ಸಮಾಲೋಚಕರು