ಕಲ್ಲು ಅಂಟಿಸಿದ್ರೆ ಇಂಗ್ಲಿಷ್ ಮನೆ ಆಗಲ್ಲ

ಸಂಪಾದಕರಿಗೆ ನಮಸ್ಕಾರ,

ಮಡಿಕೇರಿ ಸುತ್ತಮುತ್ತ ಈಗ ಹೋಮ್‌ಸ್ಟೇ ಕಟ್ಟೋರಿಗೆಲ್ಲ 'ಇಂಗ್ಲಿಷ್ ಕಾಟೇಜ್' ಹುಚ್ಚು ಹಿಡಿದಿದೆ, ಕಾಂಕ್ರೀಟ್ ಗೋಡೆ ಎಬ್ಬಿಸಿ ಮೇಲೆ ತೆಳ್ಳನೆ ಕಲ್ಲಿನ ಟೈಲ್ಸ್ ಅಂಟಿಸ್ತಾರೆ, ಗೋಡೆಯಿಂದ ಆಚೆ ಚಾಚೋ ಸೂರು ಇಲ್ಲ ಏನಿಲ್ಲ, ಒಂದೆರಡು ಮಳೆಗಾಲ ಹೋದ್ರೆ ಒಳಗೆಲ್ಲಾ ಬೂಷ್ಟು. ಕಾಪಿ ಹೊಡೀಲಿ ಬೇಡ ಅನ್ನಲ್ಲ, ಆದ್ರೆ ಉತ್ತರ ಬಿಟ್ಟು ಬರೀ ಹ್ಯಾಂಡ್‌ರೈಟಿಂಗ್ ಕಾಪಿ ಹೊಡೆದ್ರೆ ಪಾಸ್ ಆಗ್ತಾರಾ?

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಥೇಮ್ಸ್ ನದಿ ಹತ್ರ ಕೆಲ್ಮ್‌ಸ್ಕಾಟ್ ಮ್ಯಾನರ್ ಅಂತ ಇದೆ. ಮ್ಯಾನರ್ ಅಂದ್ರೆ ಜಮೀನ್ದಾರರ ಬಂಗಲೆ, ಹೆಸರು ದೊಡ್ಡದು, ಅಸಲಿಗೆ 1600ರ ಆಸುಪಾಸಿನ ರೈತರ ಮನೆ. ಅಲ್ಲೇ ಸಿಗೋ ಸುಣ್ಣಕಲ್ಲಿನ ಗೋಡೆ, ಮಾಡಿಗೂ, ಅಂದ್ರೆ ಛಾವಣಿಗೂ, ಕಲ್ಲಿನದ್ದೇ ಹಲಗೆ. ಆ ಮಾಡನ್ನ ಸ್ವಲ್ಪ ಗಮನಿಸಿ ನೋಡ್ಬೇಕು. ಸೂರಿನ ಹತ್ರ ದೊಡ್ಡ ದೊಡ್ಡ ಹಲಗೆ, ಮೇಲೆ ಹೋಗ್ತಾ ಹೋಗ್ತಾ ಚಿಕ್ಕದು. ನೀರೆಲ್ಲ ಬಂದು ಸೇರೋದು ಕೆಳಗೆ ಅಲ್ವಾ, ಅಲ್ಲಿ ಸಂದು ಕಮ್ಮಿ ಇರ್ಲಿ, ಭಾರನೂ ನೇರ ಗೋಡೆ ಮೇಲೆ ಕೂರ್ಲಿ ಅಂತ, ಜೊತೆಗೆ ಕ್ವಾರಿಲಿ ಸಿಕ್ಕಿದ ಚೂರುಪಾರು ಕಲ್ಲೂ ವೇಸ್ಟ್ ಆಗಲ್ಲ. ಆ ಕಡೆ ಹಳೇ ಮನೆಗಳ ಕಿಟಕಿ ಮೇಲೆ ಕಲ್ಲಿನ ಒಂದು ಅಂಚು ಮುಂದೆ ಚಾಚಿರತ್ತೆ, ನಾವೆಲ್ಲ ಅದನ್ನ ಡಿಸೈನು ಅನ್ಕೊಳ್ತೀವಿ, ಅದು ಮಳೆನೀರು ಚೌಕಟ್ಟಿಗೆ ಇಳೀದಂಗೆ ಆಚೆ ತಳ್ಳೋಕೆ ಇಟ್ಟಿದ್ದು.

ಇನ್ನು ಕಲ್ಲುಗಳ ಮಧ್ಯೆ ಸುಣ್ಣದ ಗಾರೆ. ಅದು ಕಲ್ಲಿಗಿಂತ ಮೆತ್ತಗೆ, ಗೋಡೆ ಕುಡಿದ ನೀರು ಆ ಸಂದಿಂದಲೇ ಆರಿಹೋಗತ್ತೆ. ಸಿಮೆಂಟ್ ಮೆತ್ತಿದ್ರೆ ನೀರು ಒಳಗೇ ಸಿಕ್ಕಾಕ್ಕೊಂಡು ಕಲ್ಲಿನ ಮುಖವೇ ಪದರ ಪದರ ಉದುರತ್ತೆ.

1871ರಲ್ಲಿ ಈ ಮನೆ ಬಾಡಿಗೆಗೆ ಹಿಡಿದಿದ್ದ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್, 1877ರಲ್ಲಿ ಹಳೇ ಕಟ್ಟಡಗಳನ್ನ ರಿಪೇರಿ ಹೆಸರಲ್ಲಿ ಹಾಳು ಮಾಡ್ಬೇಡಿ ಅಂತಲೇ ಒಂದು ಸಂಘ ಕಟ್ಟಿದ. ಈಗಲೂ ಇದೆ ಅದು.

ನಮ್ಮ ಐನ್‌ಮನೆಗಳಲ್ಲೂ, ಅಂದ್ರೆ ಕೊಡಗಿನ ಹಳೇ ಕುಟುಂಬದ ಮೂಲ ಮನೆಗಳಲ್ಲೂ, ಇದೇ ಲೆಕ್ಕ ತಾನೇ. ಇಳಿಜಾರು ಮಾಡು, ಅಗಲ ಸೂರು, ಎತ್ತರದ ಜಗಲಿ, ಮಣ್ಣಿನ ಗೋಡೆಗೆ ಇರ್ಚಲು ಹೊಡೀಬಾರ್ದು ಅಂತ ಮುಂದೆ ಕೈಯಾಲೆ, ಅಂದ್ರೆ ವರಾಂಡ. ಈಗ ಒಕ್ಕದವರೆಲ್ಲ, ಅಂದ್ರೆ ಆ ಮನೆತನದವರೆಲ್ಲ, ದುಡ್ಡು ಹಾಕಿ ರಿಪೇರಿಗೆ ಕೊಟ್ರೆ ಕಾಂಟ್ರಾಕ್ಟರ್ ಮೊದಲು ಇಳಿಸೋದೇ ಸಿಮೆಂಟ್ ಮೂಟೆ. ಗಟ್ಟಿ ಆಗತ್ತೆ ಅಂತಾರೆ. ಆಮೇಲೆ ಆ ಪ್ಲಾಸ್ಟರ್ ಉಬ್ಬಿ, ಬೀಳೋವಾಗ ಹಿಂದಿನ ಮಣ್ಣನ್ನೂ ಕಿತ್ಕೊಂಡೇ ಬೀಳತ್ತೆ.

ಇಂಗ್ಲೆಂಡ್ ಥರ ಕಾನೂನು ಮಾಡಿ ಅಂತ ನಾನು ಕೇಳಲ್ಲ, ಅಲ್ಲಿ ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ ಮನೆ ರೂಪ ಬದಲಾಗೋ ಯಾವ ಕೆಲಸಕ್ಕೂ ಪರ್ಮಿಷನ್ ಬೇಕು, ಇಲ್ಲಿ ಒಂದು ಐನ್‌ಮನೆಗೆ ಎಷ್ಟು ಜನ ವಾರಸುದಾರರು ಅಂತ ನಿಮಗೂ ಗೊತ್ತು, ಯಾರು ಸೈನ್ ಹಾಕೋದು? ಆದ್ರೆ ಸುಣ್ಣದ ಗಾರೆ ಕೆಲಸ ಗೊತ್ತಿರೋ ವಯಸ್ಸಾದ ಮೇಸ್ತ್ರಿಗಳು ಅಲ್ಲೊಬ್ರು ಇಲ್ಲೊಬ್ರು ಇದಾರೆ. ಜಿಲ್ಲಾಡಳಿತ ಅವರ ಕೈಲಿ ಹುಡುಗರಿಗೆ ಟ್ರೈನಿಂಗ್ ಕೊಡಿಸ್ಲಿ, ನೀವೂ ನಿಮ್ಮ ಪೇಪರ್‌ನಲ್ಲಿ ಅಂಥವರ ಬಗ್ಗೆ ಬರೀರಿ, ಹೋಮ್‌ಸ್ಟೇ ಉದ್ಘಾಟನೆ ಫೋಟೋ ಒಂದು ಕಮ್ಮಿ ಆದ್ರೂ ಪರವಾಗಿಲ್ಲ.

ಇತಿ,
ಒಬ್ಬ ಓದುಗ, ನಾಪೋಕ್ಲು