ಅಪ್ಪ ಹೋದ ದೋಣಿ

ಶಿರಸಿ

ಪ್ರೀತಿಯ ತಂಗಿ,

ನಿನ್ನ ಕತೆ ಬಂತು. ಕನ್ನಡದ್ದೂ ಬಂತು, ನೀನೇ ಮಾಡಿದ ಇಂಗ್ಲಿಷ್ ಅನುವಾದವೂ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಮೂರು ಸಂಜೆ ಓದಿದೆ. ಕನ್ನಡದ್ದು ಓದುವಾಗ ಕಣ್ಣು ಒದ್ದೆಯಾಯಿತು. ಇಂಗ್ಲಿಷಿನದು ಓದುವಾಗ ಅಲ್ಲಲ್ಲಿ ಎಡವಿದೆ. ಎಡವಿದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದೆ. ಕೊನೆಗೆ ನೋಡಿದರೆ ಹೆಚ್ಚುಕಮ್ಮಿ ಎಲ್ಲ ಗುರುತೂ ಹೂ, ವಿಚ್, ದಟ್ ಬರುವ ಕಡೆಯೇ ಬಿದ್ದಿವೆ. ಶಾಲೆಯಲ್ಲಿ ರಿಲೇಟಿವ್ ಕ್ಲಾಜ್ ಅಂತ ಕಲಿಸಿದ್ದರಲ್ಲ, ಒಂದು ನಾಮಪದ ಯಾವುದು, ಎಂಥದು ಅಂತ ಹೇಳುವ ವಾಕ್ಯದ ತುಂಡು, ಅದೇ. ಹಾಗಾಗಿ ಈ ಪತ್ರ ಪೂರ್ತಿ ಅದರ ಬಗ್ಗೆಯೇ.

ನಿನ್ನ ಮೊದಲ ಸಾಲನ್ನೇ ತಗೊಳ್ಳೋಣ. "ಅಪ್ಪ ಹೋದ ದೋಣಿ ತಿರುಗಿ ಬರಲಿಲ್ಲ." ಐದೇ ಪದ. ಒಂದನ್ನೂ ಮುಟ್ಟುವ ಹಾಗಿಲ್ಲ. ಇಂಗ್ಲಿಷಿನಲ್ಲಿ ನೀನು ಬರೆದದ್ದು: "ದ ಬೋಟ್ ದಟ್ ಫಾದರ್ ವೆಂಟ್ ಡಿಡ್ ನಾಟ್ ಕಮ್ ಬ್ಯಾಕ್." ನಿನ್ನ ಕಿವಿಗೆ ಸರಿಯಾಗಿಯೇ ಕೇಳಿಸಿರಬೇಕು, ಯಾಕಂದರೆ ಒಳಗೆ ಕನ್ನಡ ಓಡುತ್ತಿತ್ತು. ಆದರೆ ಇಂಗ್ಲಿಷ್ ಓದುವವರು "ವೆಂಟ್" ಹತ್ತಿರ ನಿಂತುಬಿಡುತ್ತಾರೆ. ದೋಣಿಯೊಳಗೆ ಹೋದದ್ದಾ, ದೋಣಿಯ ಹತ್ತಿರಕ್ಕೆ ಹೋದದ್ದಾ? ಒಂದು "ಇನ್" ಬಿದ್ದುಹೋಗಿದೆ. "ದ ಬೋಟ್ ಫಾದರ್ ವೆಂಟ್ ಇನ್" ಅಂದರೆ ಸಾಕಿತ್ತು. ಅಲ್ಲಿ "ದಟ್" ಕೂಡ ಬೇಕಾಗಿಲ್ಲ.

ಆ "ಇನ್" ಯಾಕೆ ಬಿತ್ತು ಅಂತ ಯೋಚಿಸಿದ್ದೀಯಾ? ಕನ್ನಡದಲ್ಲಿ ಅದು ಇರಲೇ ಇಲ್ಲ. "ಅಪ್ಪ ಹೋದ" ಅಂದು ಮುಂದೆ ಬೇಕಾದ್ದನ್ನು ಇಟ್ಟು ನೋಡು. ಅಪ್ಪ ಹೋದ ದೋಣಿ. ಅಪ್ಪ ಹೋದ ದಾರಿ. ಅಪ್ಪ ಹೋದ ದಿನ. ಅಪ್ಪ ಹೋದ ಊರು. ದೋಣಿಯಲ್ಲಿ ಹೋದದ್ದು, ದಾರಿ ಹಿಡಿದು ಹೋದದ್ದು, ಊರಿಗೆ ಹೋದದ್ದು. ಆ "ಅಲ್ಲಿ", "ಹಿಡಿದು", "ಇಗೆ" ಒಂದನ್ನೂ ನಾವು ಬಾಯಿಬಿಟ್ಟು ಹೇಳಲಿಲ್ಲ. ಕೇಳಿದವರು ತಾವೇ ತುಂಬಿಕೊಂಡರು. ಶಾಲೆಯ ವ್ಯಾಕರಣದಲ್ಲಿ ಹೋದ, ಹೋಗುವ, ಹೋಗದ ಇವಕ್ಕೆ ಕೃದಂತನಾಮ ಅನ್ನುತ್ತಾರೆ. ಎಂಥ ಕೆಲಸ ಮಾಡುತ್ತವೆ ನೋಡು!

ನಮ್ಮ ಕಡೆ ಅಡಿಕೆ ಸುಗ್ಗಿ ಬಂದಾಗ ಜಗಲಿಯಲ್ಲಿ ಬಲ್ಬು ಹಾಕಿಕೊಂಡು ರಾತ್ರಿಯೂ ಸುಲಿಯುತ್ತಾರೆ. ಸುಲಿದೂ ಸುಲಿದೂ ಕೈ ಕಪ್ಪಾಗಿರುತ್ತದೆ. ಅಡಿಕೆ ಸುಲಿದ ಹೆಂಗಸರು, ಅಡಿಕೆ ಸುಲಿದ ಮೆಟ್ಟುಗತ್ತಿ, ಅಡಿಕೆ ಸುಲಿದ ಜಗಲಿ, ಅಡಿಕೆ ಸುಲಿದ ಕೂಲಿ. ನಾಲ್ಕಕ್ಕೂ ಒಂದೇ "ಸುಲಿದ". ಇಂಗ್ಲಿಷಿಗೆ ಹೋದರೆ ಹೆಂಗಸರಿಗೆ "ಹೂ" ಬೇಕು. ಕತ್ತಿಗೆ "ವಿತ್" ಬೇಕು. ಜಗಲಿಗೆ "ವೇರ್" ಬೇಕು. ಕೂಲಿಗೆ ಇದ್ಯಾವುದೂ ಸಾಲದು, "ದ ವೇಜಸ್ ದೇ ಗಾಟ್ ಫಾರ್ ಪೀಲಿಂಗ್" ಅಂತ ಪಡೆದದ್ದನ್ನು ಹೇಳುವ ಮಾತನ್ನೂ ಸೇರಿಸಬೇಕು. ಅದಕ್ಕೇ ಹೇಳುತ್ತೇನೆ, ಅನುವಾದಕ್ಕೆ ಕೂತಾಗ "ಹೋದ", "ಬಂದ", "ಕೊಟ್ಟ" ಅಂತ ಕಂಡ ಕೂಡಲೇ ಕೈ ನಿಲ್ಲಿಸು. ಆ ದೋಣಿಯನ್ನು ಬಿಡಿಸಿ ಒಂದು ಪೂರ್ತಿ ವಾಕ್ಯ ಮಾಡಿಕೋ: "ಅಪ್ಪ ದೋಣಿಯಲ್ಲಿ ಹೋದ." ಆಗ "ಅಲ್ಲಿ" ಹೊರಗೆ ಬರುತ್ತದೆ. ಅದನ್ನು ಇಂಗ್ಲಿಷಿಗೆ ಕೊಡು. ಅಷ್ಟೇ. ಆಮೇಲೆ "ದ ಫಿಶ್ ವಿಚ್ ಐ ಬಾಟ್ ಇಟ್" ಅಂತ ಕೊನೆಗೊಂದು "ಇಟ್" ಅಂಟಿಸಬೇಡ. ಮೀನಿನ ಜಾಗದಲ್ಲಿ "ವಿಚ್" ಆಗಲೇ ಕೂತಿದೆ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಕಾಮಾ.

ಎರಡನೇ ಪುಟದಲ್ಲಿ "ದ ಬ್ರಿಜ್, ವಿಚ್ ಕೊಲ್ಯಾಪ್ಸ್ಡ್ ಇನ್ 2024," ಅಂತ ಬರೆದಿದ್ದೀಯಾ. ಕಾರವಾರದ ಕಾಳಿ ನದಿಗೆ ಹಳೆಯದು, ಹೊಸದು ಅಂತ ಎರಡು ಸೇತುವೆ ಇದ್ದದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. 2024ರ ಆಗಸ್ಟ್ 7ರಂದು ನಡುರಾತ್ರಿ ದಾಟಿದ ಮೇಲೆ ಹಳೆಯದು ಕುಸಿಯಿತು. ಲಾರಿ ನದಿಗೆ ಬಿತ್ತು, ಅದರ ಡ್ರೈವರನ್ನು ಬದುಕಿಸಿ ಮೇಲೆ ತಂದರು. ನಿನ್ನ ಕತೆಯ ಹುಡುಗಿ ಮುಂದಿನ ಪುಟದಲ್ಲೇ ಬಸ್ಸಿನಲ್ಲಿ ಸೇತುವೆ ದಾಟಿ ಸದಾಶಿವಗಡಕ್ಕೆ ಹೋಗುತ್ತಾಳೆ. ಕಾರವಾರ ನೋಡದವರು ಇದನ್ನು ಓದಿದರೆ ಬಿದ್ದ ಸೇತುವೆ ಮೇಲೆ ಬಸ್ಸು ಹೇಗೆ ಹೋಯಿತು ಅಂತ ಗಾಬರಿಯಾಗುತ್ತಾರೆ. ಕಾಮಾ ಹಾಕಿದೆ ಅಂದರೆ "ಇರುವುದೇ ಒಂದು ಸೇತುವೆ, ಅಂದಹಾಗೆ ಅದು ಬಿತ್ತು" ಅಂದಹಾಗೆ. ಕಾಮಾ ತೆಗೆದರೆ "ಬಿತ್ತಲ್ಲ, ಆ ಸೇತುವೆ" ಅಂತ. ಕಾಮಾ ಇಲ್ಲದ್ದು ಗುರುತು ಹಿಡಿಯೋಕೆ ಹೇಳುವ ಮಾತು, ಕಾಮಾ ಇದ್ದದ್ದು ಗುರುತು ಸಿಕ್ಕ ಮೇಲೆ ಸೇರಿಸುವ ಮಾತು.

ಕನ್ನಡದಲ್ಲಿ ನಾವು ಈ ಎರಡನ್ನು ಬೇರೆ ಮಾಡುವುದೇ ಇಲ್ಲ. "ಕಾರವಾರಕ್ಕೆ ಬಂದಿದ್ದ ಹುಡುಗ" ಅಂದರೂ, "ಕಾರವಾರಕ್ಕೆ ಬಂದಿದ್ದ ರವೀಂದ್ರನಾಥ ಟ್ಯಾಗೋರ್" ಅಂದರೂ ರೂಪ ಒಂದೇ. ಇಂಗ್ಲಿಷಿನಲ್ಲಿ ಹುಡುಗನಿಗೆ ಕಾಮಾ ಬೇಡ, ಯಾವ ಹುಡುಗ ಅಂತ ತಿಳಿಯಬೇಕಲ್ಲ. ಟ್ಯಾಗೋರರಿಗೆ ಬೇಕು, ಹೆಸರು ಹೇಳಿದ ಕೂಡಲೇ ಗುರುತು ಮುಗಿಯಿತು. ಅನುಮಾನ ಬಂದರೆ ಆ ತುಂಡನ್ನು ಕೈಯಿಂದ ಮುಚ್ಚಿ ಓದು. "ಯಾವುದು?" "ಯಾರು?" ಅಂತ ಕೇಳುವ ಹಾಗಾದರೆ ಕಾಮಾ ಬೇಡ.

ನಾನು ಇದನ್ನು ಕಲಿತದ್ದು ನೋವಿನಲ್ಲಿ. ನನಗೊಬ್ಬನೇ ಅಣ್ಣ, ಕುಮಟಾದಲ್ಲಿದ್ದ. ಅವನು ತೀರಿಕೊಂಡ ವರ್ಷ ಅವನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಲೇಖನ ಬರೆದೆ. "ಮೈ ಬ್ರದರ್ ಹೂ ಲಿವ್ಡ್ ಇನ್ ಕುಮಟಾ" ಅಂತ ಶುರು, ಕಾಮಾ ಇಲ್ಲ. ಸಂಪಾದಕರು ತುಂಬ ಮೆತ್ತಗೆ ಬರೆದು ಕೇಳಿದರು: ನಿಮ್ಮ ಉಳಿದ ಅಣ್ಣಂದಿರು ಎಲ್ಲಿದ್ದಾರೆ? ಅವರ ತಪ್ಪಲ್ಲ. ನನ್ನ ವಾಕ್ಯವೇ ಹಾಗೆ ಹೇಳುತ್ತಿತ್ತು. ಆ ಪತ್ರ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಆಮೇಲೆ ಎರಡು ಕಾಮಾ ಹಾಕಿದೆ. ಅವತ್ತಿನಿಂದ ಕಾಮಾವನ್ನು ಸುಮ್ನೆ ಒಂದು ಚುಕ್ಕೆ ಅಂತ ನೋಡೋಕೆ ನನ್ನಿಂದ ಆಗಿಲ್ಲ.

"ದಟ್" ಹಾಕಲೋ "ವಿಚ್" ಹಾಕಲೋ ಅಂತ ಕೇಳಿದ್ದೀಯಾ. ಗುರುತು ಹಿಡಿಯೋಕೆ "ದಟ್", ಸೇರಿಸುವ ಮಾತಿಗೆ "ವಿಚ್" ಅಂತ ಹಂಚಿಕೊಂಡರೆ ಒಳ್ಳೆಯದು ಅಂತ ಇಂಗ್ಲಿಷ್ ಬಳಕೆಯ ಬಗ್ಗೆ ಪುಸ್ತಕ ಮಾಡಿದ ಫೌಲರ್ 1926ರಲ್ಲಿ ಬರೆದ. ಒಳ್ಳೆಯ ಲೇಖಕರೆಲ್ಲ ಹೀಗೇ ಬರೆಯುತ್ತಾರೆ ಅಂತ ಮಾತ್ರ ಅವನೂ ಹೇಳಲಿಲ್ಲ. ಅಮೆರಿಕದ ಸಂಪಾದಕರು ಇದನ್ನು ಜಾಸ್ತಿ ಹಿಡಿದುಕೊಂಡಿದ್ದಾರೆ, ಬ್ರಿಟನ್ನಿನಲ್ಲಿ ಅಷ್ಟಿಲ್ಲ. ನೀನು ಹಂಚಿಕೊಂಡೇ ಬರೆ, ತಪ್ಪುವ ಭಯ ಕಡಿಮೆ. ಕಾಮಾ ಹಾಕಿದ ಮೇಲೆ ಮಾತ್ರ "ದಟ್" ಯಾವತ್ತೂ ಬೇಡ.

ನಿನ್ನ ಕತೆಯಲ್ಲಿ ಬೈತಖೋಲ ಬಂದರಿನ ಬಗ್ಗೆ ಬರುವ ವಾಕ್ಯದಲ್ಲಿ ಹಸಿರು ಬಣ್ಣ ಬಳಿದದ್ದು ದೋಣಿಗೋ ಜೆಟ್ಟಿಗೋ ತಿಳಿಯುವುದಿಲ್ಲ. "ದಟ್ ವಾಸ್ ಪೇಂಟೆಡ್ ಗ್ರೀನ್" ಅನ್ನುವುದನ್ನು ದೋಣಿಯ ಪಕ್ಕಕ್ಕೇ ತಂದಿಡು. ಆ ತುಂಡು ಹತ್ತಿರದ ನಾಮಪದವನ್ನೇ ಹಿಡಿದುಕೊಳ್ಳುತ್ತದೆ.

ಈಗ ತಿರುಗಾಮುರುಗಾ. ಇಂಗ್ಲಿಷ್ ಜಾಸ್ತಿ ಓದಿದ್ದರಿಂದಲೋ ಏನೋ, ನಿನ್ನ ಕನ್ನಡದ ಕೊನೆಯ ಪುಟಗಳಲ್ಲಿ "ಯಾವ ಮನೆಯಲ್ಲಿ ಅವಳು ಹುಟ್ಟಿದ್ದಳೋ ಆ ಮನೆ" ಅಂತ ಬಂದಿದೆ. "ಅವಳು ಹುಟ್ಟಿದ ಮನೆ" ಅಲ್ವಾ? "ಯಾರು ಬೇಗ ಬರ್ತಾರೋ ಅವರಿಗೆ ಒಳ್ಳೆ ಮೀನು" ಅಂತ ನಿಮ್ಮ ಮಾರ್ಕೆಟ್ಟಿನಲ್ಲೇ ಹೇಳುತ್ತಾರೆ, ಅದು ಚೆಂದ, ಯಾಕಂದರೆ ಅಲ್ಲಿ ಯಾರು ಅಂತ ಇನ್ನೂ ಗೊತ್ತಿಲ್ಲ. ಹುಟ್ಟಿದ ಮನೆ ಯಾವುದು ಅಂತ ಅವಳಿಗೆ ಗೊತ್ತು. ಇನ್ನು ಒಂದು ಮನೆಯ ಹಿಂದೆ ನಾಲ್ಕು ಸಾಲು ವಿವರ ಪೇರಿಸಿದ ಕಡೆ ಎರಡು ವಾಕ್ಯ ಮಾಡು. ಓದುವವರು ಮನೆ ಬರುವ ತನಕ ಎಲ್ಲ ಹೊತ್ತುಕೊಂಡು ನಡೆಯಬೇಕಾಗುತ್ತದೆ.

ಕಡೆಗೆ ಆ ಸಾಲು. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು, ಮಾರನೇ ದಿನ ದೋಣಿ ಇಳಿದು, ವಾರ ಕಳೆದ ಮೇಲೆ "ಅಪ್ಪ ಹೋದ ಸುದ್ದಿ ಮನೆಗೆ ಬಂತು." ಹುಡುಗಿ ಅದನ್ನು ಬೇರೆ ಬಂದರಿಗೆ ಹೋದ ಅಂತ ಕೇಳಿಸಿಕೊಳ್ಳುತ್ತಾಳೆ. ಅಮ್ಮ ಒಲೆಯ ಮುಂದೆ ಕುಸಿಯುತ್ತಾಳೆ. ಇಡೀ ಕತೆ ಆ "ಹೋದ"ದಲ್ಲಿದೆ. ಇಂಗ್ಲಿಷಿನಲ್ಲಿ "ದ ನ್ಯೂಸ್ ವಿಚ್ ಫಾದರ್ ಡೈಡ್" ಅಂತ ಮಾಡಿದ್ದೀಯಾ. ಇಲ್ಲಿ "ವಿಚ್" ಬರುವುದೇ ಇಲ್ಲ. ಅಪ್ಪ ದೋಣಿಯಲ್ಲಿ ಹೋದ ಅನ್ನಬಹುದು, ಸುದ್ದಿಯಲ್ಲಿ ಹೋದ ಅನ್ನೋಕಾಗುತ್ತದಾ? ಹೋದದ್ದೇ ಸುದ್ದಿ. ಅದಕ್ಕೆ "ದಟ್" ಮಾತ್ರ. ಮತ್ತೆ, "ಡೈಡ್" ಅಂದರೆ ಹುಡುಗಿಗೂ ಆಗಲೇ ತಿಳಿದುಹೋಯಿತು. "ದ ನ್ಯೂಸ್ ದಟ್ ಫಾದರ್ ವಾಸ್ ಗಾನ್" ಅಂತ ಇಟ್ಟು ನೋಡು. "ಗಾನ್" ಅಂದರೆ ಅವರಲ್ಲೂ ಎರಡು ಅರ್ಥ. ಹುಡುಗಿಗೆ ಒಂದು ಸಿಗುತ್ತದೆ, ಅಮ್ಮನಿಗೆ ಇನ್ನೊಂದು.

ಗುರುತು ಹಾಕಿದ ಹಾಳೆಗಳನ್ನು ಇದರ ಜೊತೆ ಇಟ್ಟಿದ್ದೇನೆ. ತಿದ್ದುವಾಗ ಎರಡನೇ ಪುಟದ ಕಾಮಾದಿಂದ ಶುರು ಮಾಡು. ಮೊದಲ ಸಾಲು ಕಡೆಗೆ ಇರಲಿ, ಅದನ್ನು ನಾವಿಬ್ಬರೂ ಕೂತೇ ನೋಡೋಣ. ಶಿರಸಿ ಬಸ್ಸು ಹತ್ತುವ ಮೊದಲು ಒಂದು ಫೋನ್ ಮಾಡು.

ಇಂತಿ ನಿನ್ನ
ಅಕ್ಕ