ದೀಪ ಹಚ್ಚುವ ಅಜ್ಜಿಗೆ ಒಂದು ದೃಶ್ಯ ಕೊಡು

ಪ್ರೀತಿಯ ತಂಗಿ,

ನೀನು ಕಳಿಸಿದ ಸ್ಕ್ರಿಪ್ಟ್ ಎರಡು ಸಲ ಓದಿದೆ. ದೂರದ ಗ್ರಹ, ಅಲ್ಲೊಂದು ಗುಡಿ, ಗುಡಿಯಲ್ಲಿ ಮಾತಾಡುವ ಕಲ್ಲು. ಕಲ್ಲಿನ ಹಿಂದೆ ಯಂತ್ರ ಇದೆ ಅಂತ ನಾಯಕಿ ತೋರಿಸಿಕೊಡುತ್ತಾಳೆ, ಪೂಜಾರಿ ಓಡಿಹೋಗುತ್ತಾನೆ, ಎಪಿಸೋಡ್ ಮುಗಿಯುತ್ತದೆ. ಬರವಣಿಗೆ ಚುರುಕಾಗಿದೆ. ಆದರೆ ನನ್ನನ್ನು ಕಾಡಿದ್ದು ಅಲ್ಲಿನ ಜನ. ಮರುದಿನ ಅವರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಏನು ಹೇಳಿ ಮಣ್ಣು ಮಾಡುತ್ತಾರೆ?

ಸುಳ್ಳು ದೇವರನ್ನು ಬಯಲು ಮಾಡುವ ಕಥೆ ಟಿವಿಗೆ ಹಳೆಯದು. 1967ರಲ್ಲೇ 'ಸ್ಟಾರ್ ಟ್ರೆಕ್' ಅನ್ನುವ ಬಾಹ್ಯಾಕಾಶದ ಸರಣಿ ಗ್ರೀಕರ ದೇವರು ಅಪೋಲೋನನ್ನು ಎದುರಿಗೆ ತಂದು ನಿಲ್ಲಿಸಿತ್ತು. 'ಸ್ಟಾರ್‌ಗೇಟ್ ಎಸ್‌ಜಿ-1' ಸರಣಿ ವರ್ಷಗಟ್ಟಲೆ ಅದರ ಮೇಲೇ ನಡೆಯಿತು. ಬರೆಯಬಾರದು ಅಂತಲ್ಲ. ಬರೆದರೆ ಸ್ಟಾರ್ ಟ್ರೆಕ್‌ನದೇ ಮುಂದಿನ ಸರಣಿ 'ನೆಕ್ಸ್ಟ್ ಜನರೇಷನ್'ನ 1989ರ ಒಂದು ಸಂಚಿಕೆಯ ಹಾಗೆ ಬರಿ. ಅಲ್ಲಿ ಬೇರೆ ಗ್ರಹದ ನೂರಿಯಾ ಅನ್ನುವ ಹೆಂಗಸು ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಪಿಕಾರ್ಡ್‌ನನ್ನು ದೇವರು ಅಂದುಕೊಳ್ಳುತ್ತಾಳೆ. ಪ್ರವಾಹದಲ್ಲಿ ಸತ್ತ ತನ್ನವರನ್ನು ಬದುಕಿಸಿಕೊಡು ಅಂತ ಕೇಳುತ್ತಾಳೆ. ಅವನು ಎಷ್ಟು ಬಿಡಿಸಿ ಹೇಳಿದರೂ ಪ್ರಯೋಜನವಿಲ್ಲ. ಕೊನೆಗೆ ಹಡಗಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. ಅವಳ ಕಣ್ಣೆದುರೇ ಅವನ ಸಿಬ್ಬಂದಿಯೊಬ್ಬಳು ಸಾಯುತ್ತಾಳೆ, ಅವನಿಗೆ ಏನೂ ಮಾಡಲಾಗುವುದಿಲ್ಲ. ಅವಳಿಗೆ ಅರ್ಥವಾಗುವುದು ಆಗ. ಗೆದ್ದ ಖುಷಿ ಅಲ್ಲಿ ಯಾರಿಗೂ ಇಲ್ಲ, ನೋಡು.

ಇನ್ನೊಂದನ್ನು ನೀನು ನೋಡಲೇಬೇಕು. ಬಾಹ್ಯಾಕಾಶ ನಿಲ್ದಾಣವೊಂದರ ಕಥೆ ಹೇಳುವ 'ಬ್ಯಾಬಿಲಾನ್ 5' ಸರಣಿಯಲ್ಲಿ 1994ರ 'ಬಿಲೀವರ್ಸ್' ಅನ್ನುವ ಸಂಚಿಕೆ. ಒಂದು ಮಗುವಿಗೆ ಉಸಿರಾಟದ ತೊಂದರೆ. ಚಿಕ್ಕ ಆಪರೇಷನ್ ಸಾಕು. ಮೈ ಕೊಯ್ದರೆ ಆತ್ಮ ಹೊರಟುಹೋಗುತ್ತದೆ ಅಂತ ಅಪ್ಪ ಅಮ್ಮ ಒಪ್ಪುವುದಿಲ್ಲ. ನಿಲ್ದಾಣದ ಕಮಾಂಡರ್ ಬೇಡ ಅಂದರೂ ಡಾಕ್ಟರ್ ಆಪರೇಷನ್ ಮಾಡುತ್ತಾನೆ, ಮಗು ಹುಷಾರಾಗುತ್ತದೆ. ಹೆತ್ತವರು ಹತ್ತಿರವೇ ಬರುವುದಿಲ್ಲ. ಆಮೇಲೆ ಪಯಣದ ಉಡುಪು ತಂದು ಮಗುವಿಗೆ ತೊಡಿಸಿ ಕರೆದುಕೊಂಡು ಹೋಗುತ್ತಾರೆ. ಅದು ಯಾವ ಪಯಣ ಅಂತ ಡಾಕ್ಟರಿಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಆ ಉಡುಪು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಮಗುವನ್ನು ಪ್ರೀತಿಸದವರು ಅಲ್ಲಿ ಒಬ್ಬರೂ ಇಲ್ಲ. ಹೆತ್ತವರನ್ನು ರಾಕ್ಷಸರು ಮಾಡಿದ್ದರೆ ಕೆಲಸ ಸುಲಭವಾಗುತ್ತಿತ್ತು, ಅಲ್ವಾ? ಆ ಸಂಚಿಕೆ ಬರೆದ ಡೇವಿಡ್ ಗೆರಾಲ್ಡ್ ಹಾಗೆ ಮಾಡಲಿಲ್ಲ.

ಈ ಸರಣಿ ಕಟ್ಟಿದ ಜೆ. ಮೈಕಲ್ ಸ್ಟ್ರಾಜಿನ್‌ಸ್ಕಿ ತಾನು ನಾಸ್ತಿಕ ಅಂತ ಬಹಿರಂಗವಾಗಿ ಹೇಳಿಕೊಂಡವರು. ಅದೇ ವರ್ಷದ ಇನ್ನೊಂದು ಸಂಚಿಕೆಯಲ್ಲಿ ಭೂಮಿಯ ನಂಬಿಕೆ ಯಾವುದು ಅಂತ ತೋರಿಸುವ ಸರದಿ ಬರುತ್ತದೆ. ಕಮಾಂಡರ್ ಒಂದು ಉದ್ದ ಸಾಲು ನಿಲ್ಲಿಸಿ ಒಬ್ಬೊಬ್ಬರನ್ನೇ ಪರಿಚಯ ಮಾಡಿಕೊಡುತ್ತಾನೆ. ಮೊದಲು ನಿಂತವನು ನಾಸ್ತಿಕ, ಆಮೇಲೆ ಕ್ಯಾಥೊಲಿಕ್ ಪಾದ್ರಿ, ಝೆನ್ ಬೌದ್ಧ, ಮುಸ್ಲಿಂ, ಯಹೂದಿ, ಹೀಗೆ. ನೀನು ನಂಬುತ್ತೀಯೋ ಬಿಡುತ್ತೀಯೋ ನಾನು ಕೇಳುವುದಿಲ್ಲ. ಆ ಸಾಲಿನಲ್ಲಿ ಎಲ್ಲರಿಗೂ ಜಾಗ ಕೊಡುತ್ತೀಯಾ ಅನ್ನುವುದಷ್ಟೇ ನನ್ನ ಪ್ರಶ್ನೆ.

ಉತ್ತರ ಹೇಳಲೇಬೇಕು ಅಂತ ಅವಸರ ಮಾಡಬೇಡ. ಸ್ಟಾರ್ ಟ್ರೆಕ್‌ನ ಇನ್ನೊಂದು ಸರಣಿ 'ಡೀಪ್ ಸ್ಪೇಸ್ ನೈನ್'ನಲ್ಲಿ ಬಜೋರ್ ಗ್ರಹದವರು ಪ್ರವಾದಿಗಳು ಅಂತ ಪೂಜಿಸುವವರನ್ನೇ ಸ್ಟಾರ್‌ಫ್ಲೀಟಿನವರು, ಅಂದರೆ ಬಾಹ್ಯಾಕಾಶ ಪಡೆಯವರು, ಅನ್ಯಜೀವಿಗಳು ಅನ್ನುತ್ತಾರೆ. ಎರಡು ಹೆಸರೂ ಏಳು ಸೀಸನ್ ಜೊತೆಗೇ ಬಾಳುತ್ತವೆ. ಮನುಷ್ಯರಿಗೂ ಅವರೇ ಮಾಡಿದ ಯಂತ್ರಗಳಿಗೂ ಯುದ್ಧ ನಡೆಯುವ ಹೊಸ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಸರಣಿಯಲ್ಲಿ ಮನುಷ್ಯರಿಗೆ ಹಲವು ದೇವರು, ಯಂತ್ರಗಳಿಗೆ ಒಬ್ಬನೇ. ಮನುಷ್ಯರ ಅಧ್ಯಕ್ಷೆ ರೋಸ್ಲಿನ್‌ಗೆ ಕ್ಯಾನ್ಸರ್. ಅವಳು ಕುಡಿಯುವ ಔಷಧಿಯಿಂದ ದರ್ಶನವಾಗುತ್ತಿದೆಯೋ, ನಿಜವಾಗಿ ದೇವರೇ ತೋರಿಸುತ್ತಿದ್ದಾನೋ ಅಂತ ನೋಡುವವರು ಒದ್ದಾಡುತ್ತಾರೆ. ಅದರ ಶೀರ್ಷಿಕೆ ಸಂಗೀತದಲ್ಲಿ ಗಾಯತ್ರಿ ಮಂತ್ರ ಕೇಳಿ ನನಗೆ ಮೈ ಜುಮ್ಮೆಂದಿತ್ತು. ಆದರೆ ಮಂತ್ರವನ್ನು ಸುಮ್ನೆ ಹಿನ್ನೆಲೆಗೆ ಅಂತ ನೀನು ಹಾಕಬೇಡ. ಹೇಳುವವರು ಯಾರು, ಯಾವ ಕಷ್ಟದಲ್ಲಿ ಹೇಳುತ್ತಾರೆ ಅಂತ ಗೊತ್ತಿದ್ದರೆ ಮಾತ್ರ ಹಾಕು.

ನಿನ್ನ ಮೂರನೇ ಪುಟದಲ್ಲಿ ಗುಡಿಯ ದೀಪ ಹಚ್ಚುವ ಅಜ್ಜಿ ಇದ್ದಾಳೆ. ಒಂದೇ ಸಾಲು ಮಾತಾಡಿ ಮಾಯವಾಗುತ್ತಾಳೆ. ಯಂತ್ರ ಹೊರಗೆಳೆದ ಮರುದಿನ, ನಸುಕಿನಲ್ಲಿ, ಅವಳನ್ನು ಎಣ್ಣೆ ಗಿಂಡಿ ಹಿಡಿಸಿ ಆ ಬಾಗಿಲಿಗೆ ಕರೆದುಕೊಂಡು ಬಾ. ನಾಯಕಿ ಅಲ್ಲೇ ಮೆಟ್ಟಿಲ ಮೇಲೆ ಕೂತಿರಲಿ. ಅಜ್ಜಿ ದೀಪ ಹಚ್ಚುತ್ತಾಳಾ? ಇಬ್ಬರೂ ಏನು ಮಾತಾಡುತ್ತಾರೆ? ಎರಡು ಪುಟ ಬರೆದು ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಣ್ಣ